ಸಾವಿಗೆ ಸಾಕ್ಷಿಯಾದವರು: ನಿಸಿದಿಗಲ್ಲಿನಿಂದ ಮೈಸೂರಿನ ಕಾದಂಬರಿಗಳವರೆಗೆ

ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಕೆತ್ತಲಾದ ಕಿರುಶಾಸನಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ಹೇಳುತ್ತವೆ. ಇಂಥ ಗುರುವಿನ ಶಿಷ್ಯರು, ಇಂಥ ಸಂಘದ ಕಂತಿಯರು, ಇಷ್ಟು ದಿನ ನೋಂತು ಇಲ್ಲಿ ದೇಹವನ್ನು ಮುಡಿಪಿದರು ಎಂಬುದೇ ಆ ಸಂಗತಿ. ಬಿ. ಎಲ್. ರೈಸ್ ಅವರು 1889ರಲ್ಲಿ ಈ ಕ್ಷೇತ್ರದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ ಅದು 573 ಆಯಿತು. ಭಾಷೆಯ ಚರಿತ್ರೆಗೂ ಗುರುಪರಂಪರೆಗಳ ನಿರ್ಣಯಕ್ಕೂ ರಾಜವಂಶಗಳ ಕಾಲಗಣನೆಗೂ ಈ ಶಾಸನಗಳು ಆಧಾರವಾಗಿವೆ. ಆದರೆ ಅವುಗಳನ್ನು ಇನ್ನೊಂದು ದೃಷ್ಟಿಯಿಂದಲೂ ಓದಲು ಅವಕಾಶವಿದೆ. ಪ್ರತಿಯೊಂದು ನಿಸಿದಿಗಲ್ಲಿನ ಹಿಂದೆಯೂ ಆ ಸಾವನ್ನು ಹತ್ತಿರದಿಂದ ಕಂಡವರು ಇದ್ದಾರೆ. ಅವರು ಕಾಣದಿದ್ದರೆ ಕಲ್ಲು ನಿಲ್ಲುತ್ತಿರಲಿಲ್ಲ.

ಗಂಗ ದೊರೆ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಸಮಾಧಿಮರಣವನ್ನು ಪಡೆದ ವಿಷಯವನ್ನು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬ ದಾಖಲಿಸಿದೆ. ಇಲ್ಲಿ ‘ಸನ್ನಿಧಿ’ ಎಂಬುದು ಅಲಂಕಾರದ ಮಾತಲ್ಲ. ಸಲ್ಲೇಖನದ ವಿಧಿಯಲ್ಲಿ ಸಾಯುವವನ ಬಳಿ ಕುಳಿತು, ಅವನ ಚಿತ್ತ ಚಂಚಲವಾಗದಂತೆ ಕಾಯುವ ನಿರ್ಯಾಪಕನಿಗೆ ನಿಶ್ಚಿತವಾದ ಸ್ಥಾನವಿದೆ. ಅಲ್ಲಿ ಸಾವು ಒಬ್ಬನ ಸಂಗತಿಯಲ್ಲ. ಸಾಯುವವನಿಗೂ ಸಾಕ್ಷಿಯಾಗುವವನಿಗೂ ಇಬ್ಬರಿಗೂ ಅದರಲ್ಲಿ ಕರ್ತವ್ಯಗಳಿವೆ.

ಈ ಪರಂಪರೆಯೊಳಗೇ ಶೋಕ ಬಹಿರಂಗವಾಗಿ ಕಾಣಿಸಿಕೊಳ್ಳುವ ಒಂದು ಶಾಸನವೂ ಇದೆ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ ಮಗಳಿಲ್ಲದ ಮೇಲೆ ತಾನು ಉಳಿಯಲಾರೆನೆಂದು ಬೆಳ್ಗೊಳಕ್ಕೆ ಬಂದು, ಒಂದು ತಿಂಗಳ ಕಾಲ ಉಪವಾಸವಿದ್ದು ದೇಹವನ್ನು ಬಿಟ್ಟಳು. ಮಗಳು ಕಟ್ಟಿಸಿದ ಸವತಿಗಂಧವಾರಣ ಬಸದಿಯಲ್ಲಿರುವ ಶಾಸನ ಇದನ್ನು ಹೇಳುತ್ತದೆ; ಅವಳ ಬಳಿಯಿದ್ದ ಗುರುಗಳನ್ನೂ ಹೆಸರಿಸುತ್ತದೆ. ವೈರಾಗ್ಯದ ಪರಿಭಾಷೆಯಲ್ಲಿ ಬರೆದ ಈ ಶಾಸನದ ಒಳಗೆ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ತಾಳಲಾಗದ ದುಃಖವಿದೆ ಎಂಬುದನ್ನು ಓದುಗರು ಮರೆಯುವಂತಿಲ್ಲ. ಆದರೆ ಆ ದುಃಖಕ್ಕೆ ಒಂದು ದಾರಿ ಇತ್ತು, ಆ ದಾರಿಯಲ್ಲಿ ಜೊತೆಗೆ ಗುರುಗಳಿದ್ದರು, ಕೊನೆಗೆ ಒಂದು ಕಲ್ಲೂ ನಿಂತಿತು.

ಈ ಮೂರೂ ಇಲ್ಲದ ಸಾವು ಬಂದಾಗ ಏನಾಗುತ್ತದೆ? ಅದನ್ನು ಕಂಡವರು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ? ಮೈಸೂರು ನಗರದ ಆಧುನಿಕ ಚರಿತ್ರೆ ಮತ್ತು ಅದರೊಡನೆ ಬೆಸೆದುಕೊಂಡ ಇಬ್ಬರು ಕಾದಂಬರಿಕಾರರ ಬರಹ ಈ ಪ್ರಶ್ನೆಗೆ ಉತ್ತರಗಳನ್ನು ಕೊಡುತ್ತವೆ.

ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿತು. ಸಂಸ್ಥಾನ ಆಗ ರಾಜಪ್ರತಿನಿಧಿ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರ ಆಳ್ವಿಕೆಯಲ್ಲಿತ್ತು. 1894ರಲ್ಲಿ ಪತಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡ ದುಃಖ ಅವರ ಹಿಂದೆ ಇತ್ತು. ಮೈಸೂರು ನಗರದ ಜನಸಂಖ್ಯೆ 1891ರಲ್ಲಿ 74 ಸಾವಿರವಿದ್ದದ್ದು 1901ರ ಜನಗಣತಿಯ ವೇಳೆಗೆ 68,111ಕ್ಕೆ ಇಳಿಯಿತು. ಸತ್ತವರೂ ಊರು ಬಿಟ್ಟವರೂ ಈ ಇಳಿಕೆಯಲ್ಲಿ ಸೇರಿದ್ದಾರೆ. ಇಲಿ ಬಿದ್ದಿತೆಂದರೆ ಮನೆ ಬಿಡುವುದು, ಊರಾಚೆ ಸೋಗೆಯ ಗುಡಿಸಲು ಹಾಕಿಕೊಳ್ಳುವುದು, ತೊಡೆಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ ಎದ್ದವರನ್ನು ಬೇರೆ ಇಡುವುದು ಜನಜೀವನದ ಭಾಗವಾದವು. ಮುಂದಿನ ನಾಲ್ಕು ದಶಕಗಳಲ್ಲಿ ಪ್ಲೇಗು ಮತ್ತೆ ಮತ್ತೆ ಮರಳಿತು. ಅಂಥ ಸಾವಿನಲ್ಲಿ ಸನ್ನಿಧಿಯೆಂಬುದೇ ಇರಲಿಲ್ಲ. ಹತ್ತಿರ ಕುಳಿತುಕೊಳ್ಳುವುದೇ ಅಪಾಯವಾಗಿತ್ತು; ಹೆಣ ಹೊರಲು ನಾಲ್ಕು ಹೆಗಲು ಸಿಕ್ಕುವುದೂ ಕಷ್ಟವಾಗಿತ್ತು.

ನಗರವು ಈ ಅನುಭವವನ್ನು ತನ್ನ ಕಟ್ಟಡಗಳಲ್ಲಿಯೂ ಬೀದಿಗಳಲ್ಲಿಯೂ ಉಳಿಸಿಕೊಂಡಿತು. ಇಕ್ಕಟ್ಟಾದ ಓಣಿಗಳನ್ನು ಒಡೆದು ಗಾಳಿ ಬೆಳಕಿನ ಬಡಾವಣೆಗಳನ್ನು ನಿರ್ಮಿಸಲು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪಿತವಾಯಿತು. ಇಂದು ಪ್ರವಾಸಿಗರು ಮೆಚ್ಚುವ ವಿಶಾಲವಾದ ಬೀದಿಗಳ ಹಿಂದೆ ಈ ಭಯವಿದೆ. ಅರಮನೆಯೂ ಸಾವಿನಿಂದ ಹೊರತಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ಬಲಿಯಾದರು. 1921ರಲ್ಲಿ ಮೈಸೂರಿನಲ್ಲಿ ಆರಂಭವಾದ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರನ್ನೇ ಇಡಲಾಯಿತು. ಕಲ್ಲಿನ ಬದಲು ಆಸ್ಪತ್ರೆ ನಿಂತಿತು ಎನ್ನಬಹುದು. ಆದರೆ ಸಂಸ್ಥೆಗಳು ಮುಂದೆ ಬರುವ ಸಾವನ್ನು ತಡೆಯಲು ಯತ್ನಿಸುತ್ತವೆಯೇ ಹೊರತು, ಆಗಿಹೋದ ಸಾವನ್ನು ಕಂಡವರ ಮನಸ್ಸನ್ನು ದಾಖಲಿಸುವುದಿಲ್ಲ. ಆ ಕೆಲಸ ಸಾಹಿತ್ಯದ ಪಾಲಿಗೆ ಬಂತು.

ಆರ್. ಕೆ. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜ ಕಾಲೇಜಿಗೆ ಸೇರಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ನಾರಾಯಣ್ ಅವರು 1930ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, ಬರಹವನ್ನೇ ಜೀವನೋಪಾಯವಾಗಿ ಮಾಡಿಕೊಂಡರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. 1939ರಲ್ಲಿ ಅವರ ಪತ್ನಿ ರಾಜಂ ವಿಷಮಶೀತ ಜ್ವರದಿಂದ ತೀರಿಕೊಂಡರು. ಆಗ ಮಗಳು ಇನ್ನೂ ಎಳೆಯ ಮಗು. ಆ ಕಾಲದ ಟೈಫಾಯಿಡ್ ಎಂದರೆ ವಾರಗಟ್ಟಲೆ ಕಾಯುವ ಕಾಯಿಲೆ. ಜ್ವರದ ಏರಿಳಿತವನ್ನು ಹಾಳೆಯಲ್ಲಿ ಗುರುತಿಸುವುದು, ದ್ರವಾಹಾರ ಕೊಡುವುದು, ಹಣೆಯ ಮೇಲೆ ಒದ್ದೆಬಟ್ಟೆ ಹಾಕುವುದು, ಇವಿಷ್ಟೇ ಮನೆಯವರ ಕೈಯಲ್ಲಿದ್ದವು. ಈ ಜ್ವರಕ್ಕೆ ನೇರವಾಗಿ ತಗಲುವ ಔಷಧವಾದ ಕ್ಲೋರಾಂಫೆನಿಕಾಲ್ ಬಳಕೆಗೆ ಬಂದದ್ದು 1948ರಲ್ಲಿ. ಒಂಬತ್ತು ವರ್ಷಗಳ ಈ ಅಂತರ ಚರಿತ್ರೆಗೆ ಚಿಕ್ಕದು. ರೋಗಿಯ ಮಂಚದ ಪಕ್ಕದಲ್ಲಿ ಕುಳಿತವನಿಗೆ ಅದೇ ಎಲ್ಲವೂ.

ಅದುವರೆಗೆ ಹೆಚ್ಚು ಬಿಡುವಿಲ್ಲದೆ ಕಾದಂಬರಿಗಳನ್ನು ಬರೆದಿದ್ದ ನಾರಾಯಣ್ 1938ರ ‘ದಿ ಡಾರ್ಕ್ ರೂಮ್’ ಆದ ಮೇಲೆ ಮುಂದಿನ ಕಾದಂಬರಿಯನ್ನು ಪ್ರಕಟಿಸಿದ್ದು 1945ರಲ್ಲಿ. ಅದೇ ‘ದಿ ಇಂಗ್ಲಿಷ್ ಟೀಚರ್’. ಕಥಾನಾಯಕ ಕೃಷ್ಣ, ಹೆಂಡತಿ ಸುಶೀಲಾ, ಮಗು ಲೀಲಾ. ಹೊಸ ಮನೆಯನ್ನು ನೋಡಲು ಹೋದ ದಿನ ಸುಶೀಲಾಗೆ ಅಸ್ವಸ್ಥತೆ ಶುರುವಾಗುತ್ತದೆ. ವೈದ್ಯರು ಮೊದಲು ಮಲೇರಿಯಾ ಎನ್ನುತ್ತಾರೆ, ಅನಂತರ ಟೈಫಾಯಿಡ್ ಎಂದು ತಿಳಿಯುತ್ತದೆ. ಈ ಭಾಗದಲ್ಲಿ ನಾರಾಯಣ್ ಅವರ ಗದ್ಯ ಎಲ್ಲಿಯೂ ದನಿ ಏರಿಸುವುದಿಲ್ಲ. ಔಷಧದ ಸೀಸೆ, ಜ್ವರದ ಪಟ್ಟಿ, ತಾಯಿಗಾಗಿ ಕೇಳುವ ಮಗು, ಶವಸಂಸ್ಕಾರದ ಕ್ರಮಗಳು ಒಂದರ ಹಿಂದೊಂದು ಬರುತ್ತವೆ. ಕಂಡದ್ದನ್ನು ಕಂಡಂತೆ ಬರೆಯುವ ಈ ನಿಯಮಬದ್ಧತೆಯೇ ಓದುಗನನ್ನು ಕಲಕುತ್ತದೆ.

ಕಾದಂಬರಿಯ ಉತ್ತರಾರ್ಧ ಬೇರೆಯೇ ದಾರಿ ಹಿಡಿಯುತ್ತದೆ. ಕೃಷ್ಣನು ಮಧ್ಯವರ್ತಿಯೊಬ್ಬನ ಲೇಖನಿಯ ಮೂಲಕ ಸತ್ತ ಹೆಂಡತಿಯೊಡನೆ ಸಂಪರ್ಕ ಸಾಧಿಸಲು ಯತ್ನಿಸುತ್ತಾನೆ. ಕಾಲೇಜಿನ ಕೆಲಸ ಬಿಟ್ಟು ಚಿಕ್ಕ ಮಕ್ಕಳ ಶಾಲೆಗೆ ಸೇರುತ್ತಾನೆ. ಕೊನೆಗೆ ಒಂದು ರಾತ್ರಿ ಅವಳ ಇರವನ್ನು ನೇರವಾಗಿ ಅನುಭವಿಸುತ್ತಾನೆ. ನಾರಾಯಣ್ ಅವರೂ ಮದರಾಸಿನಲ್ಲಿ ಇಂಥ ಪ್ರಯೋಗಗಳಲ್ಲಿ ಭಾಗವಹಿಸಿದ್ದರು. ವಿಮರ್ಶಕರಲ್ಲಿ ಹಲವರು ಈ ಭಾಗವನ್ನು ಕೃತಿಯ ದೌರ್ಬಲ್ಯವೆಂದು ಎಣಿಸಿದ್ದಾರೆ. ಕಲೆಯ ದೃಷ್ಟಿಯಿಂದ ಆ ಆಕ್ಷೇಪಕ್ಕೆ ಹುರುಳಿದೆ. ಆದರೆ ಅದನ್ನು ಸಾಕ್ಷ್ಯವಾಗಿ ಓದಿದಾಗ ಅರ್ಥ ಬದಲಾಗುತ್ತದೆ. ಸಾವನ್ನು ಕಂಡವನಿಗೆ ಸಾವಿನ ಚಿತ್ರವೊಂದೇ ಉಳಿದು, ಬದುಕಿದ್ದವಳ ಮುಖ ಮರೆಯಾಗುವ ಭಯ ಅಲ್ಲಿದೆ. ಕೊನೆಯ ಆ ಕ್ಷಣದಲ್ಲಿ ಕೃಷ್ಣನಿಗೆ ಮರಳಿ ದೊರೆಯುವುದು ರೋಗಿಯಲ್ಲ, ಸುಶೀಲಾ.

ಎಸ್. ಎಲ್. ಭೈರಪ್ಪನವರ ಸಂದರ್ಭದಲ್ಲಿ ಸಾವು ಇನ್ನೂ ನಿಷ್ಠುರವಾಗಿತ್ತು. 1931ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗಿನಲ್ಲಿ ಕಳೆದುಕೊಂಡರು. ಮುಂದೆ ತಮ್ಮನು ತೀರಿಕೊಂಡಾಗ ಆ ಶವವನ್ನು ತಾವೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಒಯ್ದರು. ಸಾವೆಂದರೇನು ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಅದೇ ಪ್ರಶ್ನೆ ಅವರನ್ನು ಮೈಸೂರಿನ ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರ ವಿಭಾಗಕ್ಕೆ ಕರೆತಂದಿತೆಂದು ಅವರು ಹಲವು ಬಾರಿ ಹೇಳಿದ್ದಾರೆ. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಚಿನ್ನದ ಪದಕದೊಡನೆ ಎಂ.ಎ. ಪದವಿ ಪಡೆದು, ಬರೋಡಾದಲ್ಲಿ ಡಾಕ್ಟರೇಟ್ ಮಾಡಿದರು. ಬಡತನದ ಹುಡುಗನಿಗೆ ನೌಕರಿ ತರುವ ವಿಷಯಗಳು ಬೇರೆ ಇದ್ದವು. ಆದರೂ ತತ್ತ್ವಶಾಸ್ತ್ರವನ್ನು ಆಯ್ದುಕೊಂಡದ್ದರಲ್ಲಿ ಆ ಪ್ರಶ್ನೆಯ ಒತ್ತಡ ಕಾಣುತ್ತದೆ.

ಆದರೆ ತತ್ತ್ವಶಾಸ್ತ್ರ ಕೊಟ್ಟ ಉತ್ತರದಿಂದ ಪ್ರಶ್ನೆ ಮುಗಿಯಲಿಲ್ಲ. 1965ರ ‘ವಂಶವೃಕ್ಷ’ದಲ್ಲಿ ಕಪಿಲೆಯ ಪ್ರವಾಹದಲ್ಲಿ ಸತ್ತ ಮಗನ ನೆರಳು ನಂಜನಗೂಡಿನ ಶ್ರೋತ್ರಿಯರ ಮನೆಯ ಮೇಲೆ ಉದ್ದಕ್ಕೂ ಬಿದ್ದಿದೆ. 1970ರ ‘ಗೃಹಭಂಗ’ದಲ್ಲಿ ಲೇಖಕರು ತಮ್ಮ ಮೂಲ ಅನುಭವಕ್ಕೆ ನೇರವಾಗಿ ಮರಳಿದರು. ನಂಜಮ್ಮ ಮದುವೆಯಾದ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಪ್ಲೇಗಿಗೆ ಒಪ್ಪಿಸುತ್ತಾಳೆ. ಮುಂದೆ ತಾನೂ ಅದಕ್ಕೇ ತುತ್ತಾಗುತ್ತಾಳೆ. ಉಳಿಯುವವನು ಕಿರಿಯ ಮಗ ವಿಶ್ವ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜೀವನದಲ್ಲಿ ಉಳಿದವರು ಲೇಖಕರು. ಅವರಿಗೆ ಕಾದಂಬರಿಯಲ್ಲಿ ಸಂವಾದಿಯಾದವನು ವಿಶ್ವ. ಆದರೂ ಕಥೆ ವಿಶ್ವನ ಕಣ್ಣಿನಿಂದ ನಡೆಯುವುದಿಲ್ಲ. ಕೇಂದ್ರದಲ್ಲಿರುವವಳು ನಂಜಮ್ಮ. ಮಕ್ಕಳ ಸಾವಿಗೆ ಸಾಕ್ಷಿಯಾಗುವ ಪಾತ್ರವನ್ನು ಲೇಖಕರು ತಾಯಿಗೆ ಬಿಟ್ಟುಕೊಟ್ಟಿದ್ದಾರೆ. ನಾರಾಯಣ್ ಅವರ ಕೃತಿಯಲ್ಲಿ ಸಾಕ್ಷಿಯೇ ನಿರೂಪಕ. ಸತ್ತವಳು ಅವನ ನೆನಪಿನಲ್ಲಿ ಬದುಕುತ್ತಾಳೆ. ಭೈರಪ್ಪನವರ ಕೃತಿಯಲ್ಲಿ ಸಾಕ್ಷಿ ಹಿಂದೆ ಸರಿದು, ಸತ್ತವಳಿಗೆ ಇಡೀ ಬದುಕನ್ನು ಹಿಂದಿರುಗಿಸುತ್ತಾನೆ. ಶಾನುಭೋಗಿಕೆಯ ಲೆಕ್ಕ ಬರೆದ, ಬರಗಾಲದಲ್ಲಿ ಮಕ್ಕಳನ್ನು ಸಾಕಿದ, ಅತ್ತೆ ಮತ್ತು ಗಂಡನ ಮೌಢ್ಯವನ್ನು ಸಹಿಸಿದ ಹೆಣ್ಣಾಗಿ ಅವಳು ಓದುಗನ ಮುಂದೆ ನಿಲ್ಲುತ್ತಾಳೆ. ಆದ್ದರಿಂದ ಪ್ಲೇಗು ಬಂದಾಗ ಸಾಯುವುದು ಒಂದು ಸಂಖ್ಯೆಯಲ್ಲ.

ಮಾಚಿಕಬ್ಬೆಯನ್ನು ನಂಜಮ್ಮನ ಪಕ್ಕದಲ್ಲಿಟ್ಟು ನೋಡಿದರೆ ಎಂಟು ಶತಮಾನಗಳ ಅಂತರದಲ್ಲಿ ಆದ ಬದಲಾವಣೆ ಸ್ಪಷ್ಟವಾಗುತ್ತದೆ. ಇಬ್ಬರೂ ಮಕ್ಕಳನ್ನು ಕಳೆದುಕೊಂಡ ತಾಯಂದಿರು. ಮೊದಲನೆಯವಳಿಗೆ ಶೋಕವನ್ನು ವ್ರತವಾಗಿ ಮಾರ್ಪಡಿಸಿಕೊಳ್ಳುವ ಅವಕಾಶವಿತ್ತು. ಎರಡನೆಯವಳಿಗೆ ಉಳಿದ ಮಗುವಿಗಾಗಿ ಮರುದಿನವೂ ಒಲೆ ಹಚ್ಚುವುದನ್ನು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ‘ಗೃಹಭಂಗ’ ಓದುಗನಿಗೆ ಸಮಾಧಾನ ಹೇಳದಿರುವುದಕ್ಕೆ ಕಾರಣ ಇದೇ. ಅದು ಪ್ರತಿನಿಧಿಸುವ ಸಾವುಗಳಲ್ಲಿ ಸಮಾಧಾನಕ್ಕೆ ಎಡೆಯೇ ಇರಲಿಲ್ಲ.

ಈ ಇಬ್ಬರು ಲೇಖಕರ ಆತ್ಮಕಥೆಗಳು ಇನ್ನೊಂದು ಸಾಮ್ಯವನ್ನು ತೋರಿಸುತ್ತವೆ. ನಾರಾಯಣ್ ಅವರ ‘ಮೈ ಡೇಸ್’ ಪ್ರಕಟವಾದದ್ದು 1974ರಲ್ಲಿ, ಕಾದಂಬರಿಯ 29 ವರ್ಷಗಳ ಅನಂತರ. ಭೈರಪ್ಪನವರ ‘ಭಿತ್ತಿ’ ಬಂದದ್ದು 1996ರಲ್ಲಿ, ‘ಗೃಹಭಂಗ’ದ 26 ವರ್ಷಗಳ ಅನಂತರ. ಇಬ್ಬರಿಗೂ ಸಾವಿನ ನಿರೂಪಣೆ ಮೊದಲು ಸಾಧ್ಯವಾದದ್ದು ಬೇರೆ ಹೆಸರುಗಳ ಮರೆಯಲ್ಲಿ. ‘ನಾನು’ ಎಂದು ಹೇಳಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆಗಲೂ ನಾರಾಯಣ್ ಅವರು ಪತ್ನಿಯ ಕಾಯಿಲೆಯ ವಿವರಗಳಿಗೆ ಮರಳಲು ಒಪ್ಪಲಿಲ್ಲ. ಎಲ್ಲವನ್ನೂ ಕಾದಂಬರಿಯಲ್ಲಿ ಹೇಳಿಯಾಗಿದೆ, ಮತ್ತೆ ಅದನ್ನು ಹಾದುಹೋಗಲು ತಮ್ಮಿಂದಾಗದು ಎಂಬುದು ಅವರ ನಿಲುವು. ಭೈರಪ್ಪನವರು ಮಾತ್ರ ಆ ದಿನಗಳನ್ನು ಮರಳಿ ಬರೆದರು. ಕಾದಂಬರಿಯು ಸತ್ಯವನ್ನು ಮರೆಮಾಡುವ ಪ್ರಕಾರವೆಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಎರಡು ಉದಾಹರಣೆಗಳು ತಿದ್ದುತ್ತವೆ. ಸತ್ಯವು ತಾಳಲಾರದಷ್ಟು ಹತ್ತಿರವಿದ್ದಾಗ ಅದನ್ನು ಹೇಳಲು ಕಾದಂಬರಿಯೇ ಮೊದಲ ದಾರಿಯಾಯಿತು.

ನಾರಾಯಣ್ ಅವರು ಮರುಮದುವೆಯಾಗಲಿಲ್ಲ. 2001ರಲ್ಲಿ ಚೆನ್ನೈಯಲ್ಲಿ ತೀರಿಕೊಂಡ ಅವರ ಯಾದವಗಿರಿಯ ಮನೆ ಈಗ ಸ್ಮಾರಕವಾಗಿದೆ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದಾಗ ಅಂತ್ಯಸಂಸ್ಕಾರ ನಡೆದದ್ದು ಮೈಸೂರಿನಲ್ಲಿ. ಸಾವೆಂದರೇನೆಂದು ಕೇಳುತ್ತ ಬಂದ ವಿದ್ಯಾರ್ಥಿ ಓದಿದ ಊರಿನಲ್ಲಿ.

ನಿಸಿದಿಗಲ್ಲನ್ನು ನೆಟ್ಟವರು ಸತ್ತವರ ಹೆಸರಿನೊಡನೆ ಯಾರ ಸನ್ನಿಧಿಯಲ್ಲಿ ಎಂಬುದನ್ನೂ ಬರೆಸಿದರು. ಯಾರೂ ಒಂಟಿಯಾಗಿ ಸಾಯಲಿಲ್ಲ ಎಂಬುದಕ್ಕೆ ಅದು ಪ್ರಮಾಣ. ಪ್ಲೇಗಿನ ಗುಡಿಸಲುಗಳಲ್ಲಿ ಸತ್ತವರಿಗೆ ಅಂಥ ಕಲ್ಲುಗಳಿಲ್ಲ. 1891 ಮತ್ತು 1901ರ ಜನಗಣತಿಗಳ ನಡುವಣ ವ್ಯತ್ಯಾಸದಲ್ಲಿ ಅವರು ಕರಗಿಹೋಗಿದ್ದಾರೆ. ಅವರಲ್ಲಿ ಕೆಲವರ ಬಳಿಯಾದರೂ ಯಾರೋ ಇದ್ದರು, ನೋಡಿದರು, ಮರೆಯಲಿಲ್ಲ ಎಂಬುದನ್ನು ತಿಳಿಸುವ ದಾಖಲೆ ಈ ಬಗೆಯ ಕಾದಂಬರಿಗಳಲ್ಲಿದೆ. ಶಾಸನವನ್ನು ಓದುವಾಗ ಸಂಶೋಧಕರು ತೋರುವ ಎಚ್ಚರವನ್ನೂ ಗೌರವವನ್ನೂ ಈ ಕೃತಿಗಳೂ ಬೇಡುತ್ತವೆ.