ಕಮಲಾಪುರಕ್ಕೆ ರೈಲು ಬಂದ ಕಥೆ



ತರಗತಿಯಲ್ಲಿ ಆಡಿದ ಮಾತನ್ನು ಮಾಸ್ತರರು ಮರೆಯಬಹುದು, ಮಕ್ಕಳು ಮರೆಯುವುದಿಲ್ಲ. 1998ರಲ್ಲಿ ಕಮಲಾಪುರದ ಹತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಮಾತು ಕೊಟ್ಟಿದ್ದೆ: “ನೀವು ಕಾಲೇಜು ಸೇರುವಷ್ಟರಲ್ಲಿ ಈ ಊರಿಗೆ ರೈಲು ಬರುತ್ತದೆ. ಬೆಳಿಗ್ಗೆ ಗುಲಬರ್ಗಾಕ್ಕೆ ಹೋಗಿ ಓದಿ, ಸಂಜೆ ಮನೆ ಸೇರಬಹುದು.” ಬೀದರ–ಗುಲಬರ್ಗಾ ಹೊಸ ಮಾರ್ಗಕ್ಕೆ ಆಗತಾನೆ ಮಂಜೂರಾತಿ ದೊರೆತಿತ್ತು. ಪತ್ರಿಕೆಯಲ್ಲಿ ಓದಿದ್ದನ್ನೇ ನಂಬಿ ನಾನು ಹಾಗೆ ಹೇಳಿದ್ದೆ.

ನಮ್ಮ ನಗರಕ್ಕೆ ರೈಲು ಹೊಸದಲ್ಲ. ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗ ನಿಜಾಮರ ಸೀಮೆಯ ಗುಲಬರ್ಗಾದ ಮೂಲಕವೇ ಹಾದುಹೋಯಿತು. ಕೋಟೆ ಮತ್ತು ಬಂದೇನವಾಜರ ದರ್ಗಾದ ಸುತ್ತ ಇದ್ದ ಊರು ಕ್ರಮೇಣ ನಿಲ್ದಾಣದತ್ತಲೂ ಬೆಳೆಯಿತು. ಸ್ಟೇಷನ್ ರಸ್ತೆ, ಸ್ಟೇಷನ್ ಬಜಾರ್ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಆದರೆ ಹುಮನಾಬಾದ್ ರಸ್ತೆಯಲ್ಲಿ, ನಗರಕ್ಕೆ ಇಷ್ಟು ಸಮೀಪದಲ್ಲಿರುವ ಕೆಂಪು ಬಾಳೆಯ ಕಮಲಾಪುರ ಮಾತ್ರ ಮುಂದೆ 146 ವರ್ಷ ಕಾಯಬೇಕಾಯಿತು.

ಮಂಜೂರಾದ ಮಾರ್ಗದ ಉದ್ದ 110 ಕಿ.ಮೀ. ಹಣ ಕಂತುಕಂತಾಗಿ ಬಂದಿತು. ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು. ಮೊದಲು ಸುಮಾರು 370 ಕೋಟಿ ರೂಪಾಯಿ ಎಂದಿದ್ದ ಅಂದಾಜು ವೆಚ್ಚ ಕೊನೆಗೆ 1,500 ಕೋಟಿಯನ್ನು ಮೀರಿತು. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿಯವರು ಬೀದರದಲ್ಲಿ ಮಾರ್ಗವನ್ನು ಉದ್ಘಾಟಿಸಿದರು. ಅಷ್ಟರಲ್ಲಿ ಗುಲಬರ್ಗಾ ‘ಕಲಬುರಗಿ’ಯಾಗಿ ಮೂರು ವರ್ಷ ಕಳೆದಿತ್ತು. ನನ್ನ ವಿದ್ಯಾರ್ಥಿಗಳು ಮೂವತ್ತೈದರ ಗಡಿಯಲ್ಲಿದ್ದರು.

ಅವರಲ್ಲಿ ಒಬ್ಬಳು ಗಣಿತದಲ್ಲಿ ತರಗತಿಗೇ ಮೊದಲಿಗಳು. ಸಂಜೆಯ ಬಸ್ಸು ತಪ್ಪಿದರೆ ಗತಿಯೇನು ಎಂಬ ಅಂಜಿಕೆಯಿಂದ ಮನೆಯವರು ಅವಳನ್ನು ಕಾಲೇಜಿಗೆ ಕಳುಹಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಎದುರಾದಳು. ಪಕ್ಕದಲ್ಲಿ ಮಗಳಿದ್ದಳು. ಕಾಲು ಮುಟ್ಟಿ ನಗುತ್ತಲೇ ಹೇಳಿದಳು: “ಸರ್, ನೀವು ಹೇಳಿದ ರೈಲು ಬಂದದರಿ. ಇನ್ನ ಇಕಿ ಕಾಲೇಜಿನ ಹೊತ್ತಿಗೆ ಸರಿಯಾಗಿ ಬಂದ್ರ ಸಾಕ್ರಿ.”

ನಾನು ನಿರುತ್ತರನಾದೆ. ನಲವತ್ತು ವರ್ಷ ಇತಿಹಾಸ ಓದಿದವನಿಗೆ ಹೊಳೆಯದ ಸತ್ಯ ಅವಳ ಮಾತಿನಲ್ಲಿತ್ತು. ಹಳಿ ಹಾಕಿದ ದಿನಾಂಕ ಚರಿತ್ರೆಗೆ ಸೇರುತ್ತದೆ. ಬದುಕು ನಡೆಯುವುದು ವೇಳಾಪಟ್ಟಿಯಿಂದ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಅಂಚಿನಲ್ಲಿ 1972ರಲ್ಲಿ ‘ಪಾರ್ಕ್‌ವೇ’ ಎಂಬ ನಿಲ್ದಾಣ ತೆರೆದರು. ಜನರು ಸ್ವಂತ ವಾಹನವನ್ನು ಅಲ್ಲಿಯೇ ನಿಲ್ಲಿಸಿ ರೈಲು ಹಿಡಿಯುವುದಕ್ಕಾಗಿಯೇ ಮಾಡಿದ ನಿಲ್ದಾಣವದು. ನಮ್ಮ ನಗರದ ಅಂಚಿನ ತಾಜಸುಲ್ತಾನಪುರ ಮತ್ತು ತಾಲ್ಲೂಕು ಕೇಂದ್ರವಾದ ಕಮಲಾಪುರದ ನಿಲ್ದಾಣಗಳನ್ನೂ ಹಾಗೆ ಬೆಳೆಸಬಹುದು. ಮುಂಜಾನೆ ಶಾಲೆ-ಕಚೇರಿಗಳ ವೇಳೆಗೆ ನಗರ ತಲುಪಿಸುವ, ಸಂಜೆ ಮರಳಿ ತರುವ ನಂಬಿಕೆಯ ಗಾಡಿ ಬೇಕು. ಸೈಕಲ್, ಮೋಟಾರ್ ಸೈಕಲ್ ನಿಲ್ಲಿಸಲು ನೆರಳು ಬೇಕು. ಗಾಡಿಯ ವೇಳೆಗೆ ಹಳ್ಳಿಗಳಿಂದ ಬಸ್ಸು ಬರಬೇಕು.

2024ರಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಆರಂಭವಾದಾಗ ನಾನೂ ಸಂತೋಷಪಟ್ಟೆ. ಆದರೆ ದೂರದ ರಾಜಧಾನಿಗೆ ಬೇಗ ತಲುಪುವುದಷ್ಟೇ ಪ್ರಗತಿಯಲ್ಲ. ಹಳ್ಳಿಯ ಹುಡುಗಿಯೊಬ್ಬಳು ಓದಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದೂ ಪ್ರಗತಿಯೇ. ಅಲ್ಲಿಯವರೆಗೆ ನಾನು ಕೊಟ್ಟ ಮಾತು ಅರ್ಧವಷ್ಟೇ ತೀರಿದಂತೆ.