ಸೂಜಿಯಿಂದ ಸ್ಟಾಪ್‌ವಾಚಿಗೆ: ಒಂದು ಕಳೆಯುವ ಲೆಕ್ಕದ ಕಥೆ

ಬೆಳಗ್ಗೆ ಈಜಿ ಆಮೇಲೆ ಆಫೀಸಿಗೆ ಬರೋ ಗೆಳೆಯರ ಬಾಯಲ್ಲಿ ಈಗ ಸಿಎಸ್‌ಎಸ್‌ನದೇ ಮಾತು. ಅಂದ್ರೆ ಕ್ರಿಟಿಕಲ್ ಸ್ವಿಮ್ ಸ್ಪೀಡ್. ನೂರು ಮೀಟರಿಗೆ ಇಷ್ಟು ಸೆಕೆಂಡು ಅಂತ ವಾಚ್ ಹೇಳುತ್ತೆ, ನಾವು ಅದರಂತೆ ಈಜ್ತೀವಿ. ಆದರೆ ಈ ಸಂಖ್ಯೆ ಹುಟ್ಟಿದ್ದು ಹೇಗೆ?

ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ. ಸ್ನಾಯುಗಳ ಕುರಿತ ಸಂಶೋಧನೆಗೆ 1922ರ ನೊಬೆಲ್ ಪಡೆದ ಎ.ವಿ. ಹಿಲ್, 1925ರಲ್ಲಿ ಓಟ, ಈಜು ಮುಂತಾದವುಗಳ ವಿಶ್ವದಾಖಲೆಗಳನ್ನು ಗ್ರಾಫಿಗೆ ಹಾಕಿದರು. ಸಮಯ ಹೆಚ್ಚಾದಂತೆ ವೇಗ ಮೊದಲು ಧಡಕ್ಕನೆ ಇಳಿಯುತ್ತೆ, ಆಮೇಲೆ ಗೆರೆ ಹೆಚ್ಚುಕಡಿಮೆ ಮಟ್ಟಸವಾಗುತ್ತೆ. ಸ್ಪ್ರಿಂಟರ್ ಆಮ್ಲಜನಕವನ್ನು ಸಾಲ ಮಾಡಿ ಓಡುತ್ತಾನೆ, ದೂರ ಹೋಗುವವನು ಬರುವ ಆದಾಯದಲ್ಲೇ ಸಂಸಾರ ತೂಗಿಸಬೇಕು ಅನ್ನೋದು ಹಿಲ್ ವಿವರಣೆಯ ತಿರುಳು.

1965ರಲ್ಲಿ ಫ್ರಾನ್ಸಿನ ಮೊನೊ ಮತ್ತು ಶೆರೆರ್ ಇದನ್ನೊಂದು ಸರಳ ಸಮೀಕರಣಕ್ಕೆ ಇಳಿಸಿದರು. ನಮ್ಮೂರ ಬಾವಿಯನ್ನು ನೆನಪಿಸಿಕೊಳ್ಳಿ. ಒರತೆಯಿಂದ ನೀರು ಬರುವಷ್ಟೇ ವೇಗದಲ್ಲಿ ಪಂಪ್ ಎತ್ತಿದರೆ ಬಾವಿ ಬತ್ತಲ್ಲ. ಅದಕ್ಕಿಂತ ಜೋರಾಗಿ ಎತ್ತಿದರೆ ನಿಂತ ನೀರು ಕರಗುತ್ತಾ ಹೋಗಿ ಕೊನೆಗೆ ಕೆಸರು. ಒರತೆಯ ವೇಗಕ್ಕೆ ಅವರು ಕೊಟ್ಟ ಹೆಸರು ಕ್ರಿಟಿಕಲ್ ಪವರ್. ಆದರೆ ಅವರು ಅಳೆದದ್ದು ಕೆಲವು ಸ್ನಾಯುಗಳ ಗುಂಪನ್ನು ಮಾತ್ರ, ನೀರಲ್ಲಿ ಈಜುವ ಇಡೀ ದೇಹವನ್ನಲ್ಲ.

ಇನ್ನೊಂದು ದಾರಿ ರಕ್ತದ್ದು. 1976ರಲ್ಲಿ ಜರ್ಮನಿಯ ಅಲೋಯಿಸ್ ಮಾಡರ್ ಮತ್ತು ಸಂಗಡಿಗರು, ಲೀಟರ್ ರಕ್ತದಲ್ಲಿ 4 ಮಿಲಿಮೋಲ್ ಲ್ಯಾಕ್ಟೇಟ್ ಇರುವ ವೇಗವನ್ನೇ ಹೊಸ್ತಿಲು ಎಂದರು. ಕೊಳದ ದಡದಲ್ಲೇ ಕಿವಿಯ ಹಾಲೆಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಸಾಕಿತ್ತು. ಆದರೆ ಅದಕ್ಕೆ ಯಂತ್ರ, ತರಬೇತಾದ ಜನ, ದುಡ್ಡು ಎಲ್ಲಾ ಬೇಕು. ರಾಷ್ಟ್ರೀಯ ತಂಡಗಳಿಗೆ ಸರಿ, ಊರಿನ ಕ್ಲಬ್ಬಿಗೆ ಎಲ್ಲಿಂದ ಬರಬೇಕು? ಜೊತೆಗೆ ಆ 4 ಅನ್ನೋದು ಸರಾಸರಿ, ಒಬ್ಬೊಬ್ಬರ ಹೊಸ್ತಿಲು ಒಂದೊಂದು ಕಡೆ.

1992ರಲ್ಲಿ ಈ ಬಾಗಿಲು ತೆರೆದದ್ದು ಜಪಾನಿನ ಕೋಜಿ ವಕಯೋಶಿ ಮತ್ತು ಸಂಗಡಿಗರು. ನೀರು ಹರಿಯುವ, ಈಜುವವರು ಅಲ್ಲೇ ಇರುವ ವಿಶೇಷ ತೊಟ್ಟಿಯಲ್ಲಿ ಕಾಲೇಜು ಈಜುಗಾರರನ್ನು ಪರೀಕ್ಷಿಸಿ, ಆ ಬಾವಿಯ ಲೆಕ್ಕ ಈಜಿಗೂ ಹೊಂದುತ್ತೆ ಅಂತ ತೋರಿಸಿದರು. ಆಮೇಲೆ ಮಾಮೂಲಿ ಕೊಳದಲ್ಲಿ ಸ್ಟಾಪ್‌ವಾಚ್ ಹಿಡಿದೇ ಅದನ್ನು ಕಂಡುಹಿಡಿಯಬಹುದು ಎಂದೂ ತೋರಿಸಿದರು. ಸೂಜಿಯ ಜಾಗಕ್ಕೆ ಕಳೆಯುವ ಲೆಕ್ಕ ಬಂತು.

ಲೆಕ್ಕ ಇಷ್ಟೇ. 400 ಮೀಟರ್ ಪೂರ್ತಿ ಶಕ್ತಿ ಹಾಕಿ 8 ನಿಮಿಷಕ್ಕೆ ಈಜಿದಿರಿ. ಚೆನ್ನಾಗಿ ಸುಧಾರಿಸಿಕೊಂಡು 200 ಮೀಟರನ್ನು 3 ನಿಮಿಷ 48 ಸೆಕೆಂಡಿಗೆ ಮುಗಿಸಿದಿರಿ. ವ್ಯತ್ಯಾಸ 252 ಸೆಕೆಂಡು, ದೂರದ ವ್ಯತ್ಯಾಸ 200 ಮೀಟರ್. ಅಂದ್ರೆ ನೂರು ಮೀಟರಿಗೆ 2 ನಿಮಿಷ 6 ಸೆಕೆಂಡು. ಕಳೆಯೋದು ಯಾಕೆ? ಬಾವಿಯಲ್ಲಿ ನಿಂತ ನೀರು ಎರಡೂ ಈಜಿನಲ್ಲಿ ಒಂದೇ ಸಮ ಖರ್ಚಾಗಿದೆ ಅನ್ನೋದು ಇಲ್ಲಿನ ಊಹೆ. ಕಳೆದಾಗ ಅದು ಹೊಡೆದುಹೋಗಿ ಒರತೆ ಮಾತ್ರ ಉಳಿಯುತ್ತೆ. ಇದಕ್ಕಿಂತ ಹತ್ತು-ಹನ್ನೆರಡು ಸೆಕೆಂಡು ನಿಧಾನವಾದರೆ ಆರಾಮಿನ ವಲಯ, ಇದರ ಆಸುಪಾಸು ಹೊಸ್ತಿಲಿನ ವಲಯ, ಇದಕ್ಕಿಂತ ಜೋರಾದದ್ದು ಬಾವಿ ಬತ್ತಿಸುವ ವಲಯ.

ಇಲ್ಲೊಂದು ಗುಂಡಿ ಇದೆ, ನೋಡಿ. 200 ಮೀಟರನ್ನು ಸೋಮಾರಿಯಾಗಿ ಈಜಿ 3 ನಿಮಿಷ 56 ಸೆಕೆಂಡು ತೆಗೆದುಕೊಂಡರೆ ಉತ್ತರ ನಿಧಾನ ಆಗಲ್ಲ, 2 ನಿಮಿಷ 2 ಸೆಕೆಂಡಿಗೆ ಏರುತ್ತೆ! ಕೆಟ್ಟದಾಗಿ ಈಜಿದವರಿಗೆ ಒಳ್ಳೆ ಅಂಕ. ಆ ವೇಗದಲ್ಲಿ ವಾರವಿಡೀ ಅಭ್ಯಾಸ ಮಾಡಿದರೆ ಪ್ರತಿ ದಿನವೂ ಬಾವಿ ಬತ್ತುತ್ತೆ, ನಾವು ಮಾತ್ರ ನಮ್ಮ ಫಿಟ್‌ನೆಸ್ಸನ್ನೇ ಬೈದುಕೊಳ್ಳುತ್ತಿರುತ್ತೇವೆ. ಸರಿಯಾಗಿ ಪರೀಕ್ಷಿಸಿದರೂ ಈ ವೇಗ ಎಷ್ಟು ಹೊತ್ತಾದರೂ ತಾಳುವಂಥದ್ದಲ್ಲ. ರಕ್ತದ ಲ್ಯಾಕ್ಟೇಟ್ ಸ್ಥಿರವಾಗಿ ನಿಲ್ಲುವ ಮಟ್ಟಕ್ಕಿಂತ ಇದು ತುಸು ಹೆಚ್ಚೇ ಅಂತ ನಂತರದ ಅಧ್ಯಯನಗಳು ಕಂಡುಕೊಂಡಿವೆ.

ಅದಕ್ಕೇ ಬರೀ ಉತ್ತರವನ್ನಲ್ಲ, 400 ಮತ್ತು 200ರ ಎರಡೂ ಸಮಯಗಳನ್ನು ಬರೆದಿಡಿ. ಆರೆಂಟು ವಾರ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಒರತೆ ನಿಜಕ್ಕೂ ಹೆಚ್ಚಿದೆಯೋ, 200ರಲ್ಲಿ ನೀವು ಸುಮ್ಮನೆ ಜಾರಿಕೊಂಡಿರೋ ಅನ್ನೋದು ಆಗ ಗೊತ್ತಾಗುತ್ತೆ.