ಮದ್ದೂರು ವಡೆ: ಹೆಸರು, ಮುದ್ರೆ, ಸಂಖ್ಯೆ

ಆಹಾರಪದಾರ್ಥಗಳ ಗುರುತು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು ಮದ್ದೂರು ವಡೆಯ ನಿದರ್ಶನದಿಂದ ವಿವೇಚಿಸುವುದು ನಮ್ಮ ಉದ್ದೇಶ.

ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಬೆರೆತ ಈ ತಿಂಡಿಯನ್ನು 1917ರಲ್ಲಿ ಮದ್ದೂರು ರೈಲುನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು ಮೊದಲಿಗೆ ಮಾರಿದರೆಂದು ಪ್ರತೀತಿ. ಎದುರಿಗೇ ಕೊಳ್ಳುವಾತನಿಗೆ ಮಾರುವವರ ಪರಿಚಯವೇ ಸಾಕಾಗಿತ್ತು.

ದೂರದ ಪೇಟೆಗೆ ಹೋಗುವ ಸರಕಿಗೆ ಅಷ್ಟು ಸಾಲದು. 1937ರ ಕಾಯಿದೆಯಿಂದ ಕೃಷ್ಯುತ್ಪನ್ನಗಳ ದರ್ಜೆಯನ್ನು ಸಾರುವ ಅಗ್‌ಮಾರ್ಕ್ ಮುದ್ರೆ ಬಳಕೆಗೆ ಬಂದಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅನಂತರ ಪೊಟ್ಟಣದ ಮೇಲೆ ಕಾಣಿಸಿದ 14 ಅಂಕಿಗಳ ಸಂಖ್ಯೆ ತಯಾರಕನ ಪರವಾನಗಿಯದು. ಬಾರ್‌ಕೋಡಿನ 13 ಅಂಕಿಗಳಾದರೋ ಪದಾರ್ಥದ ಗುರುತು. ಅಂಗಡಿಯ ಯಂತ್ರ ಅವನ್ನೋದಿ ಗಣಕದ ಪಟ್ಟಿಯಿಂದ ಬೆಲೆಯನ್ನು ತಿಳಿಯುತ್ತದೆ.

ಈ ಅಂಕಿಗಳ ಮೊದಲಿನ 890 ಎಂಬುದು ಸರಕು ಭಾರತದಲ್ಲೇ ತಯಾರಾಯಿತೆಂಬುದಕ್ಕೆ ಪ್ರಮಾಣವೆಂದು ಹಲವರು ಭಾವಿಸುವುದುಂಟು. ಇದು ಸರಿಯಲ್ಲ. ಸಂಖ್ಯೆಯನ್ನು ನೀಡಿದುದು ಜಿಎಸ್1 ಇಂಡಿಯಾ ಎಂಬುದಷ್ಟೇ ಅದರ ಅರ್ಥ. ದೇಶವನ್ನೇ ಖಚಿತಪಡಿಸದ ಸಂಖ್ಯೆ ಊರನ್ನು ಹೇಗೆ ಖಚಿತಪಡಿಸೀತು? ಬೇರೆಡೆ ಕರಿದ ವಡೆಯ ಪೊಟ್ಟಣದಲ್ಲಿಯೂ ಮದ್ದೂರಿನ ಹೆಸರು, ಕ್ರಮಬದ್ಧವಾದ ಸಂಖ್ಯೆ ಎರಡೂ ಇರಬಹುದು.

ಕೆಟ್ಟ ಸರಕಿಗೆ ಹೊಣೆ ಯಾರೆಂದು ಪತ್ತೆಹಚ್ಚಲು ಇಂತಹ ಸಂಖ್ಯೆಗಳು ಅವಶ್ಯಕ. ಊರಿನ ಕೀರ್ತಿಯನ್ನು ಕಾಯುವ ಕಾರ್ಯವಾದರೋ ಬೇರೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಉದ್ದೇಶವೇ ಅದು. ಇವೆರಡನ್ನೂ ಒಂದೆಂದು ಬಗೆದರೆ ಮದ್ದೂರಿನ ಬಾಣಲೆಯ ಮುಂದೆ ದುಡಿಯುವವರಿಗೇ ನಷ್ಟ. ಪೊಟ್ಟಣದ ಸಂಖ್ಯೆ ಮುಂದೆ ಇತಿಹಾಸಕಾರನಿಗೂ ದಾಖಲೆಯಾದೀತು. ಅದು ಹೇಳದೆ ಬಿಡುವುದೇನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮೊದಲೇ ಅರಿತಿರುವುದು ಯುಕ್ತ.